ಅಮ್ಮನ ಸೋಡಾ ಡಬ್ಬಿ

“ನನ್ನ ಹತ್ರ ಏನಾದ್ರೂ ವಾಸನೆ ಬರುತ್ತೇನೇ?” ನೆಂಟರು ಬರುವ ದಿನ ಅಮ್ಮ ಮೆಲ್ಲಗೆ ಕೇಳಿದಳು. ಮಡಿ, ಶುಭ್ರ ಎಂದೇ ಬದುಕಿದವಳ ಬಾಯಲ್ಲಿ ಆ ಮಾತು ಕೇಳಿ ನನ್ನ ಗಂಟಲು ಕಟ್ಟಿತು. ಮಂಡಿನೋವನ್ನು ಹತ್ತು ಜನರ ಮುಂದೆ ಹೇಳಿಕೊಳ್ಳಬಹುದು. ರಾತ್ರಿ ಹಾಸಿಗೆ ಒದ್ದೆಯಾದದ್ದನ್ನು ಹೆತ್ತ ಮಗಳಿಗೂ ಹೇಳುವುದು ಕಷ್ಟ.

ಬೋಂಡಾ ಹಿಟ್ಟಿಗೆ, ಬಲಿತ ಕಡಲೆಕಾಳಿಗೆ ಚಿಟಿಕೆ ಹಾಕಿ ಮರೆತುಬಿಡುವ ಅಡುಗೆ ಸೋಡಾ ಅಂದಿನಿಂದ ಅವಳ ಕೋಣೆಗೆ ಬಂತು. ಹಾಸಿಗೆಯ ಒದ್ದೆಯನ್ನು ಹಳೇ ಬಟ್ಟೆಯಿಂದ ಒತ್ತಿ ತೆಗೆದು, ಒರೆಸಿ, ಒಣಗಿದ ಮೇಲೆ ಸೋಡಾ ಉದುರಿಸುತ್ತೇನೆ. ಮಧ್ಯಾಹ್ನ ಬ್ರಷ್ಷಿನಿಂದ ಗುಡಿಸಿದರೆ ಮುಗ್ಗಲು ಕಮಟು ಬಹುಮಟ್ಟಿಗೆ ಇಳಿದಿರುತ್ತದೆ. ಸೆಂಟಿನ ಹಾಗೆ ಇದು ವಾಸನೆಯನ್ನು ಮುಚ್ಚುವುದಿಲ್ಲ, ಹುಳಿಯನ್ನು ತಣಿಸುತ್ತದೆ. ಕ್ರಿಮಿ ಸಾಯುತ್ತದೆಂದು ಮಾತ್ರ ನಂಬಬಾರದು. ದುಪ್ಪಟಿಗೆ ಸೋಪು, ಬಿಸಿಲು ಬೇಕೇ ಬೇಕು.

ರಾತ್ರಿ ಹಲ್ಲಿನ ಸೆಟ್ಟು ಸೋಡಾ ಕದಡಿದ ನೀರಿಗೆ ಇಳಿಯುತ್ತದೆ. ಒಣ ಪುಡಿಯಿಂದ ಉಜ್ಜಿದರೆ ಗೀರು ಬೀಳುತ್ತದೆ, ಕುದಿನೀರಿಗೆ ಹಾಕಿದರೆ ಸೆಟ್ಟು ಸೊಟ್ಟಗಾಗುತ್ತದೆ, ತಣ್ಣೀರೇ ಸರಿ. ಮಾತ್ರೆಗಳಿಂದ ಬಾಯಿ ಒಣಗಿ ಅಂಟಂಟಾದಾಗ, ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಹಾಕಿ ಮುಕ್ಕಳಿಸಿ ಉಗುಳುತ್ತಾಳೆ. ಫ್ಲಾಸ್ಕಿನೊಳಗಿನ ಕಾಫಿ ಕರೆಯೂ ಇದರಿಂದಲೇ ಹೋಗುತ್ತದೆ. ಅವಳಿಗೆ ಅದೇ ದೊಡ್ಡ ಸಂತೋಷ: “ಈಗ ಕಾಫಿ ಕಾಫಿ ಥರ ಇದೆ ಕಣೇ.”

ಆದರೆ ನಾನು ನೋಡದೆ ಹೋದದ್ದೊಂದಿತ್ತು. ಹುಳಿತೇಗು ಬಂದಾಗಲೆಲ್ಲ ಅವಳು ಅದೇ ಡಬ್ಬಿಯಿಂದ ಒಂದು ಚಮಚ ನೀರಿಗೆ ಹಾಕಿ ಕುಡಿಯುತ್ತಿದ್ದಳು. ಹೊಟ್ಟೆಯ ಆಮ್ಲಕ್ಕೆ ಸೋಡಾ ಸೇರಿ ಗಾಳಿ ಹುಟ್ಟುತ್ತದೆ, ತೇಗು ಬರುತ್ತದೆ, ಎದೆಯುರಿ ಆ ಹೊತ್ತಿಗೆ ಇಳಿಯುತ್ತದೆ. ಆ ಒಂದು ಚಮಚದಲ್ಲಿ 1,200 ಮಿಲಿಗ್ರಾಂಗೂ ಹೆಚ್ಚು ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಇಡೀ ದಿನಕ್ಕೆ ಹೇಳುವ ಮಿತಿ 2,000 ಮಿಲಿಗ್ರಾಂ. ಬಿ.ಪಿ.ಗೆ ಹೆದರಿ ಉಪ್ಪಿನಕಾಯಿ, ಹಪ್ಪಳ ಬಿಟ್ಟು ಸಪ್ಪೆ ಸಾರು ಉಣ್ಣುತ್ತಿದ್ದವಳು, ನಾಲಿಗೆಗೆ ಉಪ್ಪೆಂದು ಹೊಳೆಯದ ಉಪ್ಪನ್ನು ದಿನವೂ ಕುಡಿದಿದ್ದಳು. ಮೂತ್ರಪಿಂಡ, ಹೃದಯ ದಣಿದವರಿಗೆ ಇದು ಸಣ್ಣ ಮಾತಲ್ಲ. ಪದೇ ಪದೇ ಬರುವ ಎದೆಯುರಿಯನ್ನು ಡಾಕ್ಟರಿಗೆ ತೋರಿಸಬೇಕು. ನಾನು ತಡಮಾಡಿದ್ದೆ.

ಇದು ಗೊತ್ತಾದ ದಿನವೇ ಬಚ್ಚಲಿನ ಕಪಾಟಿನ ವಾಷಿಂಗ್ ಸೋಡಾವನ್ನೂ ಎತ್ತರದ ಅಟ್ಟಕ್ಕೆ ಸೇರಿಸಿದೆ. ಅದೂ ಬಿಳಿ, ಇದೂ ಬಿಳಿ. ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳು ಮಣ್ಣಿನ ಕ್ಷಾರವೆಲ್ಲ ಅದರಲ್ಲಿದೆ. ಕೈತಪ್ಪಿ ಬಾಯಿಗೆ ಬಿದ್ದರೆ ಗಂಟಲೇ ಸುಡುತ್ತದೆ. ಪೊರೆ ಬಂದ ಕಣ್ಣಿಗೆ ಪೊಟ್ಟಣದ ಸಣ್ಣ ಅಕ್ಷರ ಎಲ್ಲಿ ಕಾಣಬೇಕು?

ಎಲ್ಲ ಹೇಳಿದ ಮೇಲೆ ಅಮ್ಮ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ಬಳಿಕ ಮೊಮ್ಮಗಳನ್ನು ಕರೆದು, ದಪ್ಪ ಮಸಿಯ ಪೆನ್ನು ತರಿಸಿ, ತಾನೇ ಹೇಳಿ ಮುಚ್ಚಳದ ಮೇಲೆ ಬರೆಸಿದಳು: “ಹಲ್ಲಿಗೆ, ಹಾಸಿಗೆಗೆ, ಫ್ಲಾಸ್ಕಿಗೆ. ಅಜ್ಜಿ ಹೊಟ್ಟೆಗಲ್ಲ.”