ಗ್ರೂಪಿಗೆ ಬಂದ ಹೋಂವರ್ಕ್

ತುಮಕೂರು, ಗುಬ್ಬಿ, ಕುಣಿಗಲ್ ಕಡೆಯ ಎಷ್ಟೋ ಶಾಲೆಗಳ ಹೋಂವರ್ಕ್ ಈಗ ಮಗುವಿನ ಡೈರಿಗಿಂತ ಮೊದಲು ಪೋಷಕರ ವಾಟ್ಸ್ಆ್ಯಪ್ ಗ್ರೂಪಿಗೆ ಬರುತ್ತದೆ. ಅನುಕೂಲವೇನೋ ಹೌದು, ಆದರೆ ಫೋನು ಅಪ್ಪನ ಜೇಬಲ್ಲಿ, ಅಪ್ಪ ಕೆಲಸದಲ್ಲಿ. ಈ ತೊಡಕು ಹೊಸದೂ ಅಲ್ಲ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಯೋಜನೆಯಲ್ಲಿ ಸರ್ಕಾರವೇ ಮಕ್ಕಳನ್ನು ಫೋನಿಲ್ಲದವರು, ಬರೀ ಸಾದಾ ಫೋನಿನವರು, ಇಂಟರ್ನೆಟ್ ಇರುವ ಸ್ಮಾರ್ಟ್‌ಫೋನಿನವರು ಎಂದು ಮೂರು ಗುಂಪು ಮಾಡಬೇಕಾಯಿತು. ಕೊನೆಗೆ ಮೇಷ್ಟ್ರುಗಳೇ ಊರೂರಿಗೆ ಹೋಗಿ ಜಗಲಿ, ಮರದ ನೆರಳಲ್ಲಿ ಪಾಠ ಮಾಡಿದರು. ಸೋಂಕಿನ ಆತಂಕಕ್ಕೆ ಅಕ್ಟೋಬರಿನಲ್ಲಿ ಅದೂ ನಿಂತಿತು.

ಈಗ ಮನೆಮನೆಗೂ ಸ್ಮಾರ್ಟ್‌ಫೋನ್ ಬಂದಿದೆಯಲ್ಲ, ಕುಣಿಗಲ್ಲಿನ ಹುಡುಗಿಗೂ ಬೆಂಗಳೂರಿನ ಕೋಚಿಂಗಿನಂಥ ಪಾಠ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ಪಿಯುಸಿ ಮಟ್ಟಕ್ಕೆ ಈ ಮಾತು ಒಪ್ಪಲೇಬೇಕು. ಆದರೆ ಮೂರನೇ ತರಗತಿಯ ಮಗು ಕೂಡುವ ಲೆಕ್ಕದಲ್ಲಿ ದಶಕ ಸೇರಿಸಲು ಮರೆತರೆ ವೀಡಿಯೊ ನಿಲ್ಲುವುದಿಲ್ಲ, ಮುಂದಿನ ಲೆಕ್ಕಕ್ಕೆ ಹೋಗಿಬಿಡುತ್ತದೆ. ಎಲ್ಲಿ ತಪ್ಪಿತೆಂದು ಕಾಣುವುದು ಪಕ್ಕದಲ್ಲಿ ನಿಂತವರಿಗೆ. ಮನೆಯಲ್ಲಿ ಫೋನಿದೆ ಎಂದರೆ ಅದು ಮಗುವಿನ ಕೈಗೆ ಸಿಗುತ್ತದೆ ಎಂದೂ ಅಲ್ಲ. ಮೇಷ್ಟ್ರೇ, ಮೇಡಂ, ಹೋಂವರ್ಕನ್ನು ಮೊದಲು ಬೋರ್ಡಿನ ಮೇಲೆ ಬರೆಯಿರಿ, ಗ್ರೂಪಿಗೆ ಆಮೇಲೆ ಹಾಕಿ.