ಮೂರು ಬಾಗಿಲು

ಸಿಂಗಪುರದ ತೋವಾ ಪಾಯೋ ಎಂದರೆ ದೊಡ್ಡ ಜೌಗು ಎಂದರ್ಥವಂತೆ. ಈಗ ಹೆಜ್ಜೆ ಊರಿದಲ್ಲೆಲ್ಲ ಕಾಂಕ್ರೀಟು. ಅಕ್ಕನ ಮಗ ಹತ್ತನೇ ಮಹಡಿಯಲ್ಲಿದ್ದಾನೆ. ಲಿಫ್ಟಿನಿಂದ ಇಳಿದರೆ ಮೊದಲ ಬಾಗಿಲ ಬಳಿ ಗೋಡೆಗೆ ಕೆಂಪು ಗೂಡು, ಮೂರು ಊದುಬತ್ತಿ, ಎರಡು ಕಿತ್ತಳೆ. ಎರಡನೆಯದರ ಮುಂದೆ ಚಪ್ಪಲಿಗಳ ರಾಶಿ, ಮೇಲೆ ಅರಬ್ಬೀ ಅಕ್ಷರಗಳ ಫಲಕ. ಮೂರನೆಯದಕ್ಕೆ ಪ್ಲಾಸ್ಟಿಕ್ಕಿನ ಮಾವಿನ ತೋರಣ.

‘ಎಷ್ಟು ಚೆನ್ನಾಗಿ ಬೆರೆತಿದ್ದೀರಲ್ಲೋ’ ಎಂದೆ.

‘ಬೆರೆಸಿದ್ದಾರೆ ಮಾವ’ ಎಂದು ನಕ್ಕ.

ಬೆರೆಸುವುದಕ್ಕೆ ಲೆಕ್ಕವಿದೆ. ದೇಶದ ಹತ್ತರಲ್ಲಿ ಎಂಟು ಮಂದಿ ವಸತಿ ಮಂಡಳಿ ಕಟ್ಟಿದ ಇಂಥ ಮನೆಗಳಲ್ಲಿದ್ದಾರೆ. 1989ರಿಂದ ಪ್ರತಿ ಬ್ಲಾಕಿಗೂ ಜನಾಂಗವಾರು ಮಿತಿ. ಈಗ ಚೀನೀಯರು ನೂರಕ್ಕೆ 87, ಮಲಯರು 25, ಭಾರತೀಯರೂ ಇತರರೂ ಸೇರಿ 15 ದಾಟುವಂತಿಲ್ಲ. ಇಲ್ಲಿನ ಸರ್ಕಾರಕ್ಕೆ 1964ರ ಚೀನೀ–ಮಲಯ ಗಲಭೆ ಇನ್ನೂ ಮರೆತಿಲ್ಲ. ಮರುವರ್ಷವೇ ಸಿಂಗಪುರ ಮಲೇಷ್ಯಾದಿಂದ ಬೇರೆಯಾಯಿತು.

ಜಾತಿಗೊಂದು ಕೇರಿ ಮಾಡಿಟ್ಟವರು ಬ್ರಿಟಿಷರೇ. 1822ರಲ್ಲಿ ಅವರ ಅಧಿಕಾರಿ ರಾಫಲ್ಸ್ ಹೇಳಿದಂತೆ ಜಾಕ್ಸನ್ ಎಂಬ ಲೆಫ್ಟಿನೆಂಟ್ ನಕ್ಷೆ ಬರೆದ. ಯೂರೋಪಿಯನ್ನರಿಗೊಂದು ಪಟ್ಟಣ, ನದಿಯಾಚೆ ಚೀನೀಯರು, ಕಾಂಪೋಂಗ್ ಗ್ಲಾಮ್ ಕಡೆ ಸುಲ್ತಾನನೂ ಅರಬರೂ, ಕೋರಮಂಡಲ ತೀರದವರಿಗೆ ಚುಲಿಯಾ ಕೇರಿ. ಮರುದಿನ ಆ ಚುಲಿಯಾ ಸ್ಟ್ರೀಟಿಗೆ ಹೋದೆ. ತಲೆಯೆತ್ತಿದರೆ ಬ್ಯಾಂಕುಗಳು. ಚುಲಿಯಾಗಳ ಹೆಸರು ಮಾತ್ರ ಬೀದಿ ಫಲಕದಲ್ಲಿತ್ತು.

ಅಳಿಯನ ಗುರುತಿನ ಚೀಟಿಯಲ್ಲಿ ಜನಾಂಗದ ಮುಂದೆ ‘ಇಂಡಿಯನ್’ ಎಂದಿದೆ. ನಾಲ್ಕು ಅಧಿಕೃತ ಭಾಷೆಗಳಲ್ಲಿ ಭಾರತೀಯರ ಪಾಲಿಗೆ ಬಂದಿರುವುದು ತಮಿಳು. ಹಾಸನದ ಹುಡುಗ ಮೆಟ್ರೋ ಫಲಕದ ತಮಿಳನ್ನು ಕೂಡಿಸಿ ಕೂಡಿಸಿ ಓದಿ ತೋರಿಸಿದ. ಊರಲ್ಲಾಗಿದ್ದರೆ ಇಷ್ಟಕ್ಕೇ ಧರಣಿ ಕೂರುತ್ತಿದ್ದ!

ಅವನ ಚಿಂತೆ ಬೇರೆ. ಮನೆ ಮಾರಬೇಕಾಗಿದೆ. ಬ್ಲಾಕಿನಲ್ಲಿ ಚೀನೀಯರ ಪಾಲು ತುಂಬಿದ್ದರೆ ಭಾರತೀಯನ ಮನೆಯನ್ನು ಚೀನೀಯರು ಕೊಳ್ಳುವಂತಿಲ್ಲ. ಇರುವ ಗಿರಾಕಿಗಳಲ್ಲಿ ಹೆಚ್ಚಿನವರು ಅವರೇ. ಬಂದಷ್ಟಕ್ಕೆ ಕೊಡಬೇಕಾದೀತು. ಗೋಡೆಯಾಚೆ ಯಾರಿರಬೇಕೆಂದು ಸರ್ಕಾರ ತೀರ್ಮಾನಿಸಿದ್ದಕ್ಕೆ ದಂಡ ತೆರುವವನು ಇವನು. ‘ಇದೆಂಥ ನ್ಯಾಯವೋ’ ಎಂದು ರೇಗಿದೆ.

‘ಬೆಂಗಳೂರಲ್ಲಿ ನಿಮ್ಮ ಮೇಲಿನ ಪೋರ್ಷನ್ನಿಗೆ ಏನಂತ ಬೋರ್ಡು ಹಾಕಿದ್ರಿ ಮಾವ?’

‘ಸಸ್ಯಾಹಾರಿಗಳಿಗೆ ಮಾತ್ರ.’ ಬರೆದವನು ನಾನೇ. ಉತ್ತರ ಹೊಳೆಯಲಿಲ್ಲ, ಕಾಫಿ ಕುಡಿದೆ.

ಭಾನುವಾರ ಕೆಳಗಿನ ಖಾಲಿ ಅಂತಸ್ತಿನಲ್ಲಿ ಮಲಯರ ಮದುವೆ. ಕಂಬಗಳ ನಡುವೆ ಶಾಮಿಯಾನ, ಡಕ್ಕೆಯ ಸದ್ದು, ಬಿರಿಯಾನಿ. ಮೊದಲ ಬಾಗಿಲ ಚೀನೀ ಅಜ್ಜಿ ಬೆಂಚಿನ ಮೇಲೆ ಕೂತು ಕೈಚೀಲದಿಂದ ಬೀಸಣಿಗೆ ತೆಗೆದರು. ಅವರು ನಮ್ಮವನಿಗೆ ಕೈಬೀಸಿದರು, ಇವನೂ ಬೀಸಿದ. ಹೆಸರು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಏಳು ವರ್ಷದ ನೆರೆ.

ಬ್ಲಾಕಿನ ಲೆಕ್ಕ ಪ್ರತಿ ತಿಂಗಳ ಒಂದನೇ ತಾರೀಖು ಹೊಸದಾಗುತ್ತದೆ. ನಾನು ಹೊರಟಿದ್ದು 30ಕ್ಕೆ.