ಬಂದೂಕಿಗೊಂದು ಕನ್ನಡಕ

ನಲವತ್ತು ದಾಟಿದ ಮೇಲೆ ಸೂಜಿಗೆ ದಾರ ಪೋಣಿಸುವಾಗ ಕೈಯನ್ನು ದೂರ ಚಾಚದ ಹೆಂಗಸು ಯಾರಿದ್ದಾರೆ ಹೇಳಿ? ನನಗೆ ಆ ತಾಪತ್ರಯ ಸೂಜಿಗಿಂತ ಮೊದಲು ಬಂದೂಕಿನಲ್ಲಿ ಕಾಣಿಸಿತು. ನಾವಿರುವ ಇಂಗ್ಲೆಂಡಿನ ಸರ್ರೆಯಲ್ಲಿ ಬಿಸ್ಲಿ ಎಂಬ ಊರಿದೆ. 1890ರಿಂದ ಗುರಿಕಾರರ ಕಾಶಿ ಅದು. ಅಲ್ಲಿ 1000 ಗಜದ ಗುರಿಗೆ ಹಳೆಯ ಕ್ರಮದವರು ದುರ್ಬೀನು ಬಳಸುವುದಿಲ್ಲ. ಕಣ್ಣಿನ ಬಳಿ ಒಂದು ಸಣ್ಣ ತೂತು, ನಳಿಗೆಯ ತುದಿಯಲ್ಲೊಂದು ಬಳೆ. ಆ ಬಳೆಯೊಳಗೆ ದೂರದ ಕಪ್ಪು ಚುಕ್ಕೆ ಬಂದು ಕೂರಬೇಕು. ಐವತ್ತೈದರ ಹೊತ್ತಿಗೆ ನನ್ನ ಬಳೆ ನೆನೆದ ಬೆಲ್ಲದಂತೆ ಅಂಚು ಕಳೆದುಕೊಂಡಿತು.

ಕೊಡಗಿನ ಮನೆಯವಳು ನಾನು. ಕೈಲ್ ಪೊಳ್ದಿನಂದು ಕೋವಿಗೆ ತೋಕ್ ಪೂ ಮುಡಿಸಿ, ಗಂಡಸರ ಸಾಲಿನಲ್ಲೇ ನಿಂತು ತೆಂಗಿನಕಾಯಿಗೆ ಗುರಿ ಹಿಡಿದವಳು. "ಇನ್ನು ಸಾಕು ಮಾಡು, ಹೆಣಿಗೆ ಹಿಡಿ" ಎಂದರು ನಮ್ಮವರು. ಹೆಣಿಗೆಗೂ ಕಣ್ಣು ಬೇಕೆಂಬುದು ಅವರಿಗೆ ಹೊಳೆಯಲಿಲ್ಲ, ಪಾಪ. ಇದೇ ಬಿಸ್ಲಿಯಲ್ಲಿ 1930ರಲ್ಲಿ ಮಾರ್ಜರಿ ಫಾಸ್ಟರ್ ಎಂಬಾಕೆ, ಕೋಳಿ ಸಾಕಿಕೊಂಡಿದ್ದವಳು, ಗಂಡಸರನ್ನೆಲ್ಲ ಹಿಂದಿಕ್ಕಿ ಕಿಂಗ್ಸ್ ಪ್ರೈಜ್ ಗೆದ್ದಳು. ಎರಡನೆಯ ಹೆಂಗಸು ಆ ಬಹುಮಾನ ಹೊತ್ತದ್ದು 2000ದಲ್ಲಿ! ಇಷ್ಟು ನಿಧಾನವಾಗಿ ತೆರೆದ ಬಾಗಿಲನ್ನು ನಾನಾಗಿ ಮುಚ್ಚಿಕೊಂಡು ಬರಲೇ?

ದಾರಿ ತೋರಿಸಿದವರು ಕೆನಡಾದ ಜಾರ್ಜ್ ಫಾರ್ಕ್ವಾರ್ಸನ್. ವಯಸ್ಸಿನಿಂದಾಗಿ ಹಳೆಯ ಕ್ರಮ ಕಷ್ಟವಾದಾಗ, ದುರ್ಬೀನು ಹಚ್ಚಿ, ಬಂದೂಕಿಗೆ ಆಸರೆ ಕೊಟ್ಟು, ಮಲಗಿ ಹೊಡೆಯುವ ಬಗೆಯನ್ನು ಬಳಕೆಗೆ ತಂದರು. ಅವರ ಹೆಸರಿನಿಂದಲೇ ಅದಕ್ಕೆ ಎಫ್ ಕ್ಲಾಸ್ ಎನ್ನುತ್ತಾರೆ.

ಸರಿ, ಸ್ಕೋಪು ಕೊಳ್ಳಲು ಹೊರಟೆವು. ಸೀರೆ ಅಂಗಡಿಯವರು ಜರಿ ತೋರಿಸುವಂತೆ ಈ ಅಂಗಡಿಯವರು "ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ" ಎಂಬುದನ್ನೇ ತೋರಿಸುತ್ತಾರೆ. ಬಿಸಿಲೇರಿದಾಗ 50 ಪಟ್ಟಿನಲ್ಲಿ ಕಾಣುವುದು ಗುರಿಯಲ್ಲ, ಕುದಿಯುವ ಗಾಳಿ. ಆಗ 25ಕ್ಕೋ 30ಕ್ಕೋ ಇಳಿಸಲೇಬೇಕು. ನಾನು ನೋಡಿದ್ದು ತಿರುಗುಗುಂಡಿಯನ್ನು. ಒಂದು ಡಿಗ್ರಿಯ ಅರವತ್ತನೇ ಒಂದು ಭಾಗಕ್ಕೆ ಮಿನಿಟು ಎನ್ನುತ್ತಾರೆ. 1000 ಗಜದಲ್ಲಿ ಅದು ಸುಮಾರು ಹತ್ತೂವರೆ ಅಂಗುಲ. ಗುಂಡಿಯ ಒಂದೊಂದು ಕ್ಲಿಕ್ಕು ಕಾಲು ಮಿನಿಟಿನ ಬದಲು ಅರೆಕಾಲು ಮಿನಿಟಿನದಾದರೆ ಗುರಿ ಸರಿಯುವುದು ಒಂದೂಕಾಲು ಅಂಗುಲದಷ್ಟೇ. 100 ಗಜಕ್ಕೆ ಹೊಂದಿಸಿದ ನನ್ನ ರೈಫಲ್ಲಿನ ಗುಂಡು 1000 ಗಜ ಮುಟ್ಟಲು 37 ಮಿನಿಟಿನಷ್ಟು ಏರಿಸಬೇಕು. ಅದಕ್ಕೆ ಸ್ಕೋಪಿನ ಕೆಳಗಿನ ಪಟ್ಟಿಯನ್ನೇ 20 ಮಿನಿಟು ಮುಂದಕ್ಕೆ ಇಳಿಜಾರಾಗಿ ಕೂರಿಸುತ್ತಾರೆ.

ಕೂರಿಸುವುದೇ ದೊಡ್ಡ ಕೆಲಸ. ಬೋಲ್ಟು ತೆಗೆದಿಟ್ಟು ನಡುಮನೆಯಲ್ಲಿ ಚಾಪೆ ಹಾಸಿ ಬೋರಲು ಮಲಗಿದೆ. ಕಣ್ಣು ಮುಚ್ಚಿ, ಕೆನ್ನೆ ತಾನಾಗಿ ಎಲ್ಲಿ ಒರಗುತ್ತದೋ ಅಲ್ಲಿ ಒರಗಿಸಿ, ಕಣ್ಣು ತೆರೆದಾಗ ಚಿತ್ರ ಅಂಚಿನವರೆಗೂ ತುಂಬಿರಬೇಕು. ನಮ್ಮವರು ಕೂದಲೆಳೆಯಷ್ಟು ಹಿಂದೆ, ಮುಂದೆ ಸರಿಸುತ್ತ ಹೋದರು. ತೀರ ಹತ್ತಿರವಾದರೆ ಬಂದೂಕು ಒದ್ದಾಗ ಹುಬ್ಬಿನ ಮೇಲೆ ಚಂದ್ರಾಕಾರದ ಗಾಯ ಗ್ಯಾರಂಟಿ. ಆಮೇಲೆ ಬರಿಯ ಆಕಾಶ ನೋಡುತ್ತ ಒಳಗಿನ ಗೆರೆ ಚೊಕ್ಕಟವಾಗುವವರೆಗೆ ಹಿಂದಿನ ಉಂಗುರ ತಿರುಗಿಸಿದೆ. ದಿಟ್ಟಿಸುತ್ತ ಕೂತರೆ ಕಣ್ಣೇ ಹೊಂದಿಕೊಂಡು ಸುಳ್ಳು ಹೇಳುತ್ತದೆ. ಒಂದು ನೋಟ ನೋಡಿ ಮುಖ ತಿರುಗಿಸಬೇಕು.

ಇನ್ನು ವಾಲದಂತೆ ನಿಲ್ಲಿಸುವುದು. ಬಂದೂಕನ್ನು ರಸಮಟ್ಟ ಇಟ್ಟು ಸರಿಮಾಡಿ, ಹಿತ್ತಲಲ್ಲಿ ಗಾರೆಯವರಂತೆ ತೂಗುಗುಂಡು ಇಳಿಬಿಟ್ಟು, ಸ್ಕೋಪಿನ ಉದ್ದಗೆರೆಯನ್ನು ಆ ದಾರಕ್ಕೆ ಹೊಂದಿಸಿದೆವು. ಹೆಣಿಗೆ ಹಿಡಿ ಎಂದವರೇ ದಾರ ಹಿಡಿದು ನಿಂತಿದ್ದರು. "ಇಷ್ಟು ಚೂರು ವಾಲಿದರೆ ಏನಾಗ್ತದೆ?" ಎಂದು ಗೊಣಗಿದರು. ಮೂರು ಡಿಗ್ರಿ ವಾಲಿದರೆ 1000 ಗಜದಲ್ಲಿ ಗುಂಡು 20 ಅಂಗುಲ ಪಕ್ಕಕ್ಕೆ. ಐದು ಅಂಕದ ವೃತ್ತದ ಅಗಲವೇ 10 ಅಂಗುಲ. ಲೆಕ್ಕ ಹೇಳಿದ ಮೇಲೆ ದಾರ ಅಲುಗಲಿಲ್ಲ.

ಕೊನೆಗೆ 100 ಗಜದಲ್ಲಿ ಉದ್ದನೆಯ ಕಾಗದ ಕಟ್ಟಿ, 30 ಮಿನಿಟು ಏರಿಸಿ ಹೊಡೆದು ಅಳೆದೆ. ಲೆಕ್ಕದಂತೆ 31.4 ಅಂಗುಲ ಮೇಲೇರಬೇಕು. ಏರಿತ್ತು. ಮತ್ತೆ ಸೊನ್ನೆಗೆ ತಿರುಗಿಸಿದರೆ ಗುಂಡು ಮೊದಲಿನ ತೂತಿನ ಪಕ್ಕದಲ್ಲೇ ಬಿತ್ತು. ಗಾಳಿಯನ್ನು ಮಾತ್ರ ಯಾವ ಸ್ಕೋಪೂ ಹೊಡೆದುಕೊಡುವುದಿಲ್ಲ. ಅದನ್ನು ಇಂದಿಗೂ ಹುಲ್ಲಿನಲ್ಲಿ, ಬಾವುಟದಲ್ಲಿ, ಅನ್ನದ ಹಬೆಯಂತೆ ಓರೆಯಾಗಿ ಹರಿಯುವ ಬಿಸಿಲ್ಗುದುರೆಯಲ್ಲಿ ಓದುತ್ತೇನೆ.

ಹಳೆಯ ತೂತಿನ ಸೈಟನ್ನು ಎಣ್ಣೆ ಸವರಿ ಡಬ್ಬಿಯಲ್ಲಿಟ್ಟಿದ್ದೇನೆ. ಕ್ಲಬ್ಬಿನ ಹುಡುಗಿಯೊಬ್ಬಳು ಎರಡು ಸಲ ಕೇಳಿದ್ದಾಳೆ. ಕೊಡಬೇಕೋ ಬೇಡವೋ, ಇನ್ನೂ ತೀರ್ಮಾನಿಸಿಲ್ಲ.